ಸಸ್ಪೆನ್ಷನ್ ಸೈಕಲ್ ತುಳಿಯೋಕೆ ಭಾರ ಅನ್ಸ್ತಿದ್ಯಾ? ಇಷ್ಟು ಸೆಟ್ ಮಾಡ್ಕೊಳ್ಳಿ

ಎಷ್ಟು ತುಳಿದ್ರೂ ಮುಂದಕ್ಕೇ ಹೋಗ್ತಿಲ್ಲ, ಶಕ್ತಿ ಎಲ್ಲಾ ಸ್ಪ್ರಿಂಗ್ ತಿಂತಿದೆ ಅಂತ ಸುಮಾರು ಜನ ಬೈಕೊಳ್ತಾರೆ. ಸ್ವಲ್ಪ ತಿನ್ನತ್ತೆ, ನಿಜ. ಆದ್ರೆ ಸೀಟ್ ಮೇಲೆ ಕೂತು ಒಂದೇ ಸಮ ತುಳಿಯುವಾಗ ಆ ನಷ್ಟ ಕಮ್ಮಿ, ಎದ್ದು ನಿಂತು ಜೋರಾಗಿ ತುಳಿದಾಗ್ಲೇ ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಒಂದೊಂದು ಪೆಡಲ್‌ಗೂ ಕುಗ್ಗಿ ಎದ್ದು ಆಡೋದು, ಆ ಶಕ್ತಿ ಒಳಗೇ ಬಿಸಿಯಾಗಿ ಕಳ್ದೋಗತ್ತೆ.

ಕಲ್ಲು ಗುಂಡಿ ಇರೋ ದಾರಿಲಿ ಲೆಕ್ಕ ಉಲ್ಟಾ. ಸಸ್ಪೆನ್ಷನ್ ಇಲ್ದಿದ್ರೆ ಒಂದೊಂದು ಏಟಿಗೂ ಸೈಕಲ್ ಜೊತೆ ನಿಮ್ಮ ಮೈನೂ ಮೇಲಕ್ಕೆ ಎಸೆದಂಗಾಗತ್ತೆ, ಸ್ಪೀಡು ಅಲ್ಲೇ ಹೋಗತ್ತೆ, ಕೈ ಬೆನ್ನು ಬೇರೆ ದಣಿಯತ್ತೆ. ಇದ್ರೆ ಚಕ್ರ ಮಾತ್ರ ಕುಣಿಯತ್ತೆ, ನೀವು ಹೆಚ್ಚು ಕಮ್ಮಿ ನೇರ ಹೋಗ್ತೀರಾ.

ಫೋರ್ಕ್ ಮುಟ್ಟೋ ಮುಂಚೆ ಟೈರ್ ಗಾಳಿ ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರ್ತಾನೆ. ಟೈರ್ ಪಕ್ಕದಲ್ಲಿ ಬರೆದಿರೋ ಮಿತಿ ಒಳಗೇ, ನಯವಾದ ರಸ್ತೆಗೆ ಸ್ವಲ್ಪ ಜಾಸ್ತಿ, ಒರಟು ದಾರಿಗೆ ಕಮ್ಮಿ.

ಆಮೇಲೆ ಸ್ಯಾಗ್, ಅಂದ್ರೆ ನೀವು ಕೂತಾಗ ನಿಮ್ಮ ಭಾರಕ್ಕೇ ಫೋರ್ಕ್ ಎಷ್ಟು ಕುಗ್ಗತ್ತೆ ಅನ್ನೋದು. ಫೋರ್ಕ್ ಕಾಲಿನ ಹೊಳೆಯೋ ಪೈಪ್‌ಗೆ ಒಂದು ಜಿಪ್ ಟೈ ಕಟ್ಟಿ ರಬ್ಬರ್ ಸೀಲ್ ತನಕ ತಳ್ಳಿ, ಗೋಡೆ ಹಿಡ್ಕೊಂಡು ನಿಧಾನಕ್ಕೆ ಹತ್ತಿ ಓಡಿಸೋ ಭಂಗಿಲೇ ಕೂತು, ಅಲ್ಲಾಡದೆ ಇಳಿದು, ಟೈ ಸೀಲಿಂದ ಎಷ್ಟು ದೂರ ಸರಿದಿದೆ ಅಂತ ಅಳೀರಿ. ಟ್ರಾವೆಲ್, ಅಂದ್ರೆ ಫೋರ್ಕ್ ಪೂರ್ತಿ ಕುಗ್ಗೋ ದೂರ, 100 ಮಿಮೀ ಇದ್ರೆ 15ರಿಂದ 20 ಮಿಮೀ ಸಾಕು, ಹಿಂದಿನ ಶಾಕ್‌ಗಾದ್ರೆ ಅದರ ಟ್ರಾವೆಲ್ಲಲ್ಲಿ ಸುಮಾರು 25ರಿಂದ 30 ಪರ್ಸೆಂಟ್. ಜಾಸ್ತಿ ಕುಗ್ಗಿದ್ರೆ, ಗಾಳಿ ತುಂಬೋ ಫೋರ್ಕ್ ಆದ್ರೆ ಅದಕ್ಕೆ ಗಾಳಿ ಹಾಕಿ, ಆದ್ರೆ ಟೈರ್ ಪಂಪಲ್ಲಿ ಬೇಡ, ಇದಕ್ಕೆ ಅಂತ್ಲೇ ಶಾಕ್ ಪಂಪ್ ಬರತ್ತೆ. ಸ್ಪ್ರಿಂಗ್ ಫೋರ್ಕ್ ಆದ್ರೆ ಸ್ಪ್ರಿಂಗ್ ಬಿಗಿ ಮಾಡೋ ಮೇಲಿನ ಪ್ರಿಲೋಡ್ ನಾಬ್ ತಿರುಗಿಸಿ ಅಲ್ಪ ಸ್ವಲ್ಪ ಸರಿ ಮಾಡ್ಬೋದು, ಭಾರಕ್ಕೂ ಸ್ಪ್ರಿಂಗ್‌ಗೂ ಹೊಂದ್ಲೇ ಇಲ್ಲಾಂದ್ರೆ ಸ್ಪ್ರಿಂಗೇ ಬದಲಾಯಿಸ್ಬೇಕು. ಕುಗ್ಗಿದ ಫೋರ್ಕ್ ಎಷ್ಟು ಬೇಗ ವಾಪಸ್ ಏಳ್ಬೇಕು ಅಂತ ಸೆಟ್ ಮಾಡೋ ರಿಬೌಂಡ್ ನಾಬ್ ಇದ್ರೆ ಹ್ಯಾಂಡಲ್ ಒತ್ತಿ ಬಿಡಿ, ಚಕ್ರ ನೆಲ ಬಿಟ್ಟು ಹಾರಿದ್ರೆ ಒಂದೊಂದೇ ಕ್ಲಿಕ್ ನಿಧಾನ ಮಾಡಿ.

ನಯವಾದ ಏರು ಬಂದ್ರೆ ಲಾಕೌಟ್, ಅಂದ್ರೆ ಫೋರ್ಕ್ ಕುಗ್ಗದಂಗೆ ಬಿಗಿ ಹಿಡಿಯೋ ಲಿವರ್, ಹಾಕಿ, ಎದ್ದು ತುಳಿಯೋರಿಗಂತೂ ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ. ಒರಟು ಇಳಿಜಾರಿಗೆ ಮುಂಚೆ ಮರೀದೆ ತೆಗೀರಿ. ಸಮತಟ್ಟು ರಸ್ತೆಲಿ ಸ್ಪೀಡ್ ಬೇಕಾ, ಗಂಟೆಗೆ 25 ಕಿಮೀ ದಾಟಿದ್ಮೇಲೆ ದೊಡ್ಡ ಶತ್ರು ಎದುರುಗಾಳಿ, ಫೋರ್ಕ್ ಅಲ್ಲ, ಮೈ ಸ್ವಲ್ಪ ಬಗ್ಗಿಸಿದ್ರೆ ಸಿಗೋ ಲಾಭನೇ ಜಾಸ್ತಿ. ಎರಡು ಕೆಜಿ ಹೆಚ್ಚಿಗೆ ತೂಕ ಅಂತೀರಾ, ನೀವೂ ಸೈಕಲ್ಲೂ ಸೇರಿ 80 ಕೆಜಿ ಇದ್ರೆ ಕಡಿದಾದ ಏರಲ್ಲಿ ಅದ್ರಿಂದ ಶ್ರಮ ಹೆಚ್ಚೋದು 2.5 ಪರ್ಸೆಂಟ್ ಅಷ್ಟೇ.

ಇನ್ನು ವ್ಯಾಯಾಮ. ಸೈಕಲ್ ನಿಧಾನ ಆದ್ರೆ ವ್ಯಾಯಾಮ ಕಮ್ಮಿ ಆಗಲ್ಲ, ಜಾಸ್ತಿನೂ ಆಗಲ್ಲ. ಅರ್ಧ ಗಂಟೆ ಅದೇ ಏದುಸಿರಲ್ಲಿ ತುಳಿದ್ರೆ ಮೈಗೆ ಸಿಗೋದು ಹೆಚ್ಚು ಕಮ್ಮಿ ಅಷ್ಟೇ, ದೂರ ಮಾತ್ರ ಬೇರೆ. ಅದಕ್ಕೇ ಕಿಲೋಮೀಟರ್ ನೋಡ್ಬೇಡಿ, ಉಸಿರು ನೋಡಿ: ಮಾತಾಡೋಕಾಗತ್ತೆ ಆದ್ರೆ ಹಾಡೋಕಾಗಲ್ಲ ಅಂದ್ರೆ ಮಧ್ಯಮ ಶ್ರಮ, ನಾಲ್ಕು ಪದಕ್ಕೇ ಉಸಿರು ನಿಂತ್ರೆ ಜೋರು. ವ್ಯಾಯಾಮ ಜಾಸ್ತಿ ಆಗ್ಲಿ ಅಂತ ಬೇಕಂತ್ಲೇ ಲಾಕೌಟ್ ಹಾಕದೆ ಕಷ್ಟಪಡೋ ಬದಲು ಗೇರ್ ಒಂದು ಏರಿಸಿ, ಮಂಡಿ ನೋವು ಬಂದ್ರೆ ಇಳಿಸಿ.