ಹ್ಯಾಮ್‌ಗಳ ಜೊತೆ ಕೆಡೆಟ್‌ಗಳ ರೇಡಿಯೊ ಅಭ್ಯಾಸ: ನಡೆಸುವ ಬಗೆ

ಕೆಡೆಟ್‌ಗಳಿಗೆ ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ನೆರವಿನಿಂದ ಸಂಪರ್ಕದ ಅಭ್ಯಾಸ ಮಾಡಿಸಲು ಹೊರಡುವ ತರಬೇತುದಾರರು ಸಾಮಾನ್ಯವಾಗಿ ಉಪಕರಣದ ಚಿಂತೆಯಿಂದಲೇ ಆರಂಭಿಸುತ್ತಾರೆ. ಉಪಕರಣವನ್ನು ಹ್ಯಾಮ್‌ಗಳೇ ಹೊತ್ತು ತರುತ್ತಾರೆ, ಅದರ ಗುಂಡಿಗಳನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತುಬಿಡುತ್ತಾರೆ. ನಿಜವಾಗಿ ಕಲಿಸಬೇಕಾದದ್ದು ಗದ್ದಲದ ನಡುವೆ ಕೇಳಿಸಿಕೊಳ್ಳುವುದನ್ನು, ಕೇಳಿದ್ದನ್ನು ಬರೆದುಕೊಳ್ಳುವುದನ್ನು, ಬರೆದುಕೊಂಡದ್ದನ್ನು ಒಂದಕ್ಷರವೂ ಬದಲಾಗದಂತೆ ಮುಂದಕ್ಕೆ ದಾಟಿಸುವುದನ್ನು.

ಮೊದಲು ಕಾನೂನಿನ ವಿಷಯ. ಪರವಾನಗಿ ಇಲ್ಲದ ಕೆಡೆಟ್ ಹವ್ಯಾಸಿ ಕೇಂದ್ರದ ಮೈಕಿನಲ್ಲಿ ಮಾತನಾಡಬಹುದೇ, ಮಾತನಾಡಬಹುದಾದರೆ ಎಷ್ಟರ ಮಟ್ಟಿಗೆ ಎಂಬುದು ಆಯಾ ದೇಶದ ನಿಯಮವನ್ನು ಅವಲಂಬಿಸಿದೆ. ಇದನ್ನು ಪರವಾನಗಿ ಹೊಂದಿದ ಹ್ಯಾಮ್ ಒಬ್ಬರಿಂದಲೇ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು. ಅನುಮತಿ ಇರುವಲ್ಲಿಯೂ ಅವರು ಪಕ್ಕದಲ್ಲೇ ಕುಳಿತಿರಬೇಕು, ಏಕೆಂದರೆ ಬಳಕೆಯಾಗುವುದು ಅವರ ಕಾಲ್‌ಸೈನ್, ಅಂದರೆ ಕೇಂದ್ರವನ್ನು ಗುರುತಿಸುವ ಕರೆಹೆಸರು; ತಪ್ಪಾದರೆ ಉತ್ತರ ಕೊಡಬೇಕಾದವರೂ ಅವರೇ. ಇನ್ನೊಂದು ಸಂಗತಿಯನ್ನು ಕೆಡೆಟ್‌ಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಶಿಬಿರದಲ್ಲಿ ಗುಪ್ತ ಸಂಕೇತಗಳೆಂದರೆ ಅವರಿಗೆ ಬಹಳ ಹುರುಪು; ಆದರೆ ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ಆವರ್ತನಗಳಲ್ಲಿ, ಅಂದರೆ ಹವ್ಯಾಸಿ ಬ್ಯಾಂಡುಗಳಲ್ಲಿ, ಮಾತಿನ ಅರ್ಥ ಮರೆಮಾಚುವ ಸಂಕೇತ ಸಲ್ಲದು. ಬೇರೆ ಬೇರೆ ದೇಶಗಳ ಹವ್ಯಾಸಿ ಕೇಂದ್ರಗಳ ನಡುವಿನ ಸಂಪರ್ಕಕ್ಕೆ ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯ 25ನೇ ವಿಧಿಯೇ ಇದನ್ನು ನಿಷೇಧಿಸುತ್ತದೆ. ಆದ್ದರಿಂದ ಅಭ್ಯಾಸದ ಸಂದೇಶಗಳೆಲ್ಲವೂ ಯಾರು ಕೇಳಿದರೂ ಅರ್ಥವಾಗುವ ಮಾತಿನಲ್ಲೇ ಇರಲಿ.

ರೇಡಿಯೊ ಮುಟ್ಟುವ ಮೊದಲು ಒಂದೆರಡು ತರಗತಿಗಳನ್ನು ಅದಿಲ್ಲದೆಯೇ ನಡೆಸುವುದು ಲೇಸು. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಕೋಣೆಯಲ್ಲಿ ಸ್ವಲ್ಪ ಗದ್ದಲವನ್ನೂ ಇರಗೊಟ್ಟು, ಒಬ್ಬರು ಓದಿದ್ದನ್ನು ಇನ್ನೊಬ್ಬರು ಬರೆದುಕೊಳ್ಳುವಂತೆ ಮಾಡಬೇಕು. ಎ, ಬಿ, ಸಿ ಎನ್ನುವ ಬದಲು ಆಲ್ಫಾ, ಬ್ರಾವೋ, ಚಾರ್ಲಿ ಎಂದು ಸಾಗುವ ಅಕ್ಷರಮಾಲೆ ಏಕೆ ಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಸಂಪರ್ಕ ರೇಡಿಯೊದ ಧ್ವನಿಮಾರ್ಗ ಸುಮಾರು 300ರಿಂದ 3,000 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತದೆ; ಎಸ್ ಮತ್ತು ಎಫ್ ಅಕ್ಷರಗಳನ್ನು ಬೇರ್ಪಡಿಸುವ ಸೀತ್ಕಾರದ ಬಹುಭಾಗ ಅದಕ್ಕಿಂತ ಮೇಲಿರುವುದರಿಂದ ಆ ಎರಡೂ ಕಿವಿಗೆ ಒಂದೇ ಆಗುತ್ತವೆ. ಬಿ, ಡಿ, ಪಿ, ಟಿ ಅಕ್ಷರಗಳ ಪಾಡೂ ಅಷ್ಟೇ. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಹೇಳಬೇಕು, ಇಂಗ್ಲಿಷಿನಲ್ಲಿ ಫೈವ್ ಜೊತೆ ಬೆರೆತುಹೋಗದಂತೆ ನೈನ್ ಅನ್ನು ನೈನರ್ ಎನ್ನಬೇಕು. ಕನ್ನಡದಲ್ಲಿ ಮಾತನಾಡುವವರಿಗೂ ಈ ತೊಡಕು ತಪ್ಪಿದ್ದಲ್ಲ: ಗದ್ದಲದಲ್ಲಿ ‘ಏಳು’ ಎಂದರೆ ಸಂಖ್ಯೆಯೋ, ಎದ್ದೇಳು ಎಂಬ ಆಜ್ಞೆಯೋ, ‘ಹೇಳು’ ಎಂಬ ಕೋರಿಕೆಯೋ ತಿಳಿಯದೆ ಹೋಗಬಹುದು.

ಮೈಕ್ ಹಿಡಿದಾಗ ಪಾಲಿಸಬೇಕಾದ ಕ್ರಮ ಸರಳ. ಮೊದಲು ಆಲಿಸಿ, ಆ ಆವರ್ತನದಲ್ಲಿ ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ, ಮುಖ್ಯವಾಗಿ ರಿಪೀಟರ್ (ಕೇಳಿದ್ದನ್ನು ಮರುಪ್ರಸಾರ ಮಾಡುವ ಕೇಂದ್ರ) ಮೂಲಕ ಮಾತನಾಡುವಾಗ, ಮೊದಲ ಪದವೇ ಕತ್ತರಿಸಿಹೋಗುತ್ತದೆ. ಮೊದಲು ಕರೆಯಬೇಕಾದವರ ಕಾಲ್‌ಸೈನ್, ಅನಂತರ ನಮ್ಮದು. ಗುಂಡಿ ಒತ್ತಿರುವಷ್ಟು ಹೊತ್ತು ಎದುರಿನವರ ಮಾತು ನಮಗೆ ಕೇಳಿಸುವುದಿಲ್ಲವಾದ್ದರಿಂದ, ಮಾತು ಮುಗಿದೊಡನೆ ‘ಓವರ್’ ಎಂದು ಸರದಿಯನ್ನು ಬಿಟ್ಟುಕೊಡಬೇಕು. ಕೂಗುವುದರಿಂದ ಪ್ರಯೋಜನವಿಲ್ಲ, ಧ್ವನಿ ಒಡೆಯುತ್ತದೆ, ಅಷ್ಟೇ.

ಪದಬಳಕೆಯಲ್ಲಿ ಕೆಡೆಟ್‌ಗಳ ರೂಢಿಗೂ ಹ್ಯಾಮ್‌ಗಳ ರೂಢಿಗೂ ಅಲ್ಪಸ್ವಲ್ಪ ಅಂತರವಿದೆ. ‘ರೋಜರ್’ ಎಂದರೆ ನಿಮ್ಮ ಮಾತು ನನಗೆ ಪೂರ್ತಿ ತಲುಪಿತು ಎಂದರ್ಥವೇ ಹೊರತು ಹೌದು ಎಂದಲ್ಲ. ‘ವಿಲ್ಕೊ’ ಎಂದರೆ ತಲುಪಿತು, ಹಾಗೆಯೇ ಮಾಡುತ್ತೇನೆ ಎಂದು. ಸೇನೆಯ ಪದ್ಧತಿಯಲ್ಲಿ ಇನ್ನೊಮ್ಮೆ ಹೇಳಿ ಎನ್ನಲು ‘ಸೇ ಅಗೇನ್’ ಎನ್ನುತ್ತಾರೆ, ‘ರಿಪೀಟ್’ ಎನ್ನುವುದಿಲ್ಲ. ಫಿರಂಗಿ ದಳದಲ್ಲಿ ಆ ಪದಕ್ಕೆ ಮತ್ತೆ ಗುಂಡು ಹಾರಿಸಿ ಎಂಬ ಅರ್ಥವಿದೆ. ಹ್ಯಾಮ್‌ಗಳಲ್ಲಿ ಅಷ್ಟು ಬಿಗುವಿಲ್ಲ. ಅವರು ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ‘ಫೈವ್ ನೈನ್’ ಎಂದು ವರದಿ ಕೊಡುತ್ತಾರೆ. ಇದರಲ್ಲಿ ಮೊದಲ ಅಂಕಿ ಮಾತಿನ ಸ್ಪಷ್ಟತೆಗೆ, 1ರಿಂದ 5ರವರೆಗೆ. ಎರಡನೆಯದು ಬಂದು ತಲುಪುವ ರೇಡಿಯೊ ಸಂಕೇತದ (ಸಿಗ್ನಲ್‌ನ) ಬಲಕ್ಕೆ, 1ರಿಂದ 9ರವರೆಗೆ. ಕೇಳಿಸಿದ್ದು ಕಷ್ಟದಿಂದಲಾದರೂ ಔದಾರ್ಯಕ್ಕಾಗಿ ಫೈವ್ ನೈನ್ ಎಂದುಬಿಡುವ ಚಾಳಿ ಹ್ಯಾಮ್‌ಗಳಲ್ಲಿ ಉಂಟು. ಕೆಡೆಟ್‌ಗಳು ಅದನ್ನು ಕಲಿಯುವುದು ಬೇಡ.

ಅಭ್ಯಾಸದ ತಿರುಳಿರುವುದು ಲಿಖಿತ ಸಂದೇಶವನ್ನು ದಾಟಿಸುವುದರಲ್ಲಿ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ತುರ್ತಿನ ದರ್ಜೆ, ಕಳುಹಿಸಿದವರು, ತಲುಪಬೇಕಾದವರು, ಸಮಯ ಮತ್ತು ಒಕ್ಕಣೆಯಲ್ಲಿರುವ ಪದಗಳ ಸಂಖ್ಯೆ ಇರುವ ನಮೂನೆಯೊಂದನ್ನು ಮಾಡಿಕೊಳ್ಳಬೇಕು. ಪದಗಳ ಸಂಖ್ಯೆ ಮಕ್ಕಳಿಗೆ ಅನಗತ್ಯವೆನಿಸುತ್ತದೆ. ಆದರೆ ‘ಔಷಧ ಕಳುಹಿಸುವುದು ಬೇಡ, ಸ್ಟ್ರೆಚರ್ ಎರಡು ಬೇಕು’ ಎಂಬ ಸಂದೇಶದಲ್ಲಿ ‘ಬೇಡ’ ಎಂಬ ಪದವೊಂದು ಬಿದ್ದುಹೋದರೆ ಉಳಿದದ್ದು ಅರ್ಥಪೂರ್ಣವಾಗಿಯೇ ಕೇಳಿಸುತ್ತದೆ, ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ. ಆರು ಪದಗಳೆಂದು ಹೇಳಿ ಐದೇ ಬಂದಾಗ ಬರೆದುಕೊಂಡವರು ಅಲ್ಲಿಯೇ ತಡೆದು ಕೇಳಬಹುದು. ಒಕ್ಕಣೆಯನ್ನು ಮೂರು ನಾಲ್ಕು ಪದಗಳ ತುಂಡುಗಳಾಗಿ, ಬರೆಯುವ ಕೈಯ ವೇಗಕ್ಕೆ ಓದಬೇಕು; ಕೊನೆಯಲ್ಲಿ ಪಡೆದವರು ಇಡೀ ಸಂದೇಶವನ್ನು ಕಳುಹಿಸಿದವರಿಗೆ ಮರಳಿ ಓದಿ ಒಪ್ಪಿಸಬೇಕು. ಮೂರು ನಾಲ್ಕು ಠಾಣೆಗಳಾದ ಮೇಲೆ ಒಂದನ್ನು ನಿಯಂತ್ರಣ ಠಾಣೆಯಾಗಿ ನೇಮಿಸಿ, ಅದರ ಅನುಮತಿಯಿಲ್ಲದೆ ಯಾರೂ ಮಾತನಾಡಕೂಡದೆಂಬ ಶಿಸ್ತನ್ನು ತರಬೇಕು. ಈ ಹೊಣೆಯನ್ನು ಎಲ್ಲರಿಗೂ ಸರದಿಯಂತೆ ವಹಿಸಿದರೆ, ನಡುವೆ ಬಾಯಿ ಹಾಕುವವರು ಎಷ್ಟು ಕಿರಿಕಿರಿಯೆಂದು ಎಲ್ಲರಿಗೂ ತಿಳಿಯುತ್ತದೆ.

ಆಂಟೆನಾ ಪಾಠವನ್ನು ಹ್ಯಾಮ್‌ಗಳಿಗೇ ಬಿಡುವುದು ಸರಿ, ಆದರೆ ಲೆಕ್ಕವನ್ನು ಕೆಡೆಟ್‌ಗಳ ಕೈಯಲ್ಲೇ ಮಾಡಿಸಬೇಕು. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಮೀಟರುಗಳಲ್ಲಿ ತರಂಗಾಂತರ ಬರುತ್ತದೆ. 145 ಮೆಗಾಹರ್ಟ್ಸ್‌ಗೆ ಅದು ಸುಮಾರು 2.07 ಮೀಟರ್, ಕಾಲು ತರಂಗದ ಕಡ್ಡಿ ಪ್ರಾಯೋಗಿಕವಾಗಿ 49 ಸೆಂಟಿಮೀಟರಿನ ಆಸುಪಾಸು. ಈ ಆವರ್ತನಗಳು ಬಹುಮಟ್ಟಿಗೆ ನೇರದೃಷ್ಟಿಯ ದಾರಿಯಲ್ಲೇ ಸಾಗುವುದರಿಂದ, ಸಂಕೇತ ಕ್ಷೀಣಿಸಿದಾಗ ಶಕ್ತಿ ಹೆಚ್ಚಿಸುವುದಕ್ಕಿಂತ ಎತ್ತರಕ್ಕೆ ಹತ್ತುವುದು ಮೇಲು. ಕೆಲವೊಮ್ಮೆ ಒಂದು ಮೀಟರ್ ಪಕ್ಕಕ್ಕೆ ಸರಿದರೂ ಸಾಕಾಗುತ್ತದೆ.

ಬಯಲಿನ ಅಭ್ಯಾಸದಲ್ಲಿ ಪ್ರತಿ ಸಂದೇಶವೂ ‘ಇದು ಅಭ್ಯಾಸ’ ಎಂಬ ಮಾತಿನಿಂದಲೇ ಆರಂಭವಾಗಬೇಕು ಮತ್ತು ಅದರಿಂದಲೇ ಮುಗಿಯಬೇಕು. ಪ್ರಾಣಾಪಾಯದ ಕರೆಯಾದ ‘ಮೇಡೇ’ ಎಂಬ ಪದವನ್ನು ಆಟಕ್ಕೂ ಬಳಸಕೂಡದು. ನಿಜವಾಗಿಯೇ ಯಾರಿಗಾದರೂ ಪೆಟ್ಟಾದರೆ ಅಭ್ಯಾಸವನ್ನು ನಿಲ್ಲಿಸುವ ಮಾತು ಯಾವುದೆಂದು ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿರಬೇಕು. ಅಪ್ರಾಪ್ತರು ರೇಡಿಯೊದಲ್ಲಿ ಮೊದಲ ಹೆಸರನ್ನಷ್ಟೇ ಹೇಳಲಿ; ವಿಳಾಸ, ಶಾಲೆ, ದೂರವಾಣಿ ಸಂಖ್ಯೆಗಳು ಬೇಡ, ಏಕೆಂದರೆ ಕೇಳುತ್ತಿರುವವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ದೂರದ ಸಂಪರ್ಕದ ರುಚಿ ಹತ್ತಿದವರಿಗೆ ಜಾಂಬೂರಿ ಆನ್ ದಿ ಏರ್ ಬಗ್ಗೆ ಹೇಳಬಹುದು. 1958ರಲ್ಲಿ ಶುರುವಾಗಿ ಈಗ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಅದರಲ್ಲಿ ಸ್ಕೌಟ್‌ಗಳು ಹ್ಯಾಮ್‌ಗಳ ಕೇಂದ್ರಗಳಿಂದಲೇ ದೇಶದೇಶಗಳ ಓರಗೆಯವರೊಂದಿಗೆ ಮಾತನಾಡುತ್ತಾರೆ.

ಸಂಪರ್ಕಗಳನ್ನು ದಾಖಲಿಸುವ ಲಾಗ್‌ಬುಕ್ಕಿನಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯುವುದು ಹ್ಯಾಮ್‌ಗಳ ವಾಡಿಕೆ. ದಿನಾಂತ್ಯಕ್ಕೆ ಎಲ್ಲ ಠಾಣೆಗಳ ಲಾಗ್‌ಗಳನ್ನೂ, ಕಳುಹಿಸಿದ ಮತ್ತು ಪಡೆದ ನಮೂನೆಗಳನ್ನೂ ಒಂದೇ ಮೇಜಿನ ಮೇಲೆ ಜೋಡಿಸಿ, ಯಾವ ಪದ ಯಾವ ಠಾಣೆಯಲ್ಲಿ ಬದಲಾಯಿತೆಂಬುದನ್ನು ಕೆಡೆಟ್‌ಗಳೇ ಪೆನ್ಸಿಲಿನಿಂದ ಗುರುತಿಸಲಿ. ಮುಂದಿನ ಅಭ್ಯಾಸದ ಸಂದೇಶಗಳನ್ನು ಹಾಗೆ ಕೆಟ್ಟುಹೋದ ಪದಗಳಿಂದಲೇ ಹೆಣೆಯಬೇಕು.