ಕೋವಿಯ ಮುಂದಿನ ಸೈಟ್‌ಗೆ ಮಸಿ ಬಳಿದೆ, ಗುಂಡು ದಾರಿಗೆ ಬಂತು

ಹಳೇ ಮಾದರಿಯ, ಬಾಯಿಂದ ಮದ್ದು ತುಂಬುವ ಕೋವಿ ನನ್ನದು. 50 ಮೀಟರ್ ಗುರಿಗೆ ಹೊಡೆದರೆ ಗುಂಡು ಒಂದು ದಿನ ಬಲಕ್ಕೆ, ಇನ್ನೊಂದು ದಿನ ಎಡಕ್ಕೆ. ಜೊತೆಗೆ ಯಾವಾಗಲೂ 10 ಸೆಂ.ಮೀ. ಕೆಳಗೆ. ಮದ್ದಿನ ಅಳತೆ ಬದಲಿಸಿದೆ, ಗುಂಡಿಗೆ ಸುತ್ತುವ ಬಟ್ಟೆಯ ಪ್ಯಾಚ್ ಬದಲಿಸಿದೆ. ಸುಮ್ನೆ ಮದ್ದು ದಂಡ.

ಕೊನೆಗೆ ನೋಡಿದರೆ ಈ ಎಡ-ಬಲ ಎಲ್ಲಾ ಬಿಸಿಲಿನ ಆಟ. ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಚಿಕ್ಕ ಮೊನೆ, ಹಿತ್ತಾಳೆಯದು. ಎಡದಿಂದ ಬಿಸಿಲು ಬಿದ್ದರೆ ಅದರ ಎಡ ಅಂಚು ಮಾತ್ರ ಫಳಫಳ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ಹಿಂದಿನ ಸೈಟಿನ ಕಚ್ಚಿನ ನಡುವೆ ನಿಲ್ಲಿಸುತ್ತದೆ, ನಳಿಗೆ ಬಲಕ್ಕೆ ಸರಿದು ಗುಂಡೂ ಬಲಕ್ಕೆ ಹೋಗುತ್ತದೆ. ಕೋವಿ ಖಾಲಿ ಇದೆಯಾ ನೋಡಿಕೊಂಡು, ಮದ್ದನ್ನು ದೂರ ಇಟ್ಟು, ಆ ಸೈಟ್‌ಗೆ ಮೇಣದಬತ್ತಿಯ ಮಸಿ ಹಿಡಿಸಿದೆ. ಓಲಾಟ ನಿಂತಿತು.

ಉಳಿದದ್ದು ಎತ್ತರ. ಮುಂದಿನ ಸೈಟ್ ತಗ್ಗಿಸಿದರೆ ಗುಂಡು ಮೇಲೇರುತ್ತದೆ. ಉಲ್ಟಾ ಅನ್ನಿಸುತ್ತದೆ, ಅಲ್ವಾ? ತಗ್ಗಿದ ಸೈಟನ್ನು ಕಚ್ಚಿನ ಮಟ್ಟಕ್ಕೆ ತರಲು ನಳಿಗೆಯ ಬಾಯಿ ಮೇಲೇಳಬೇಕು, ಅದಕ್ಕೇ. ಎರಡು ಸೈಟ್‌ಗಳ ನಡುವೆ 75 ಸೆಂ.ಮೀ. ಇದೆ. 10ನ್ನು 75ರಿಂದ ಗುಣಿಸಿ 5000ದಿಂದ (50 ಮೀಟರ್ ಅಂದರೆ 5000 ಸೆಂ.ಮೀ.) ಭಾಗಿಸಿದರೆ 0.15 ಸೆಂ.ಮೀ., ಅಂದರೆ ಒಂದೂವರೆ ಮಿಲಿಮೀಟರ್. ಒಂದೇ ಸಲಕ್ಕೆ ಅಷ್ಟೂ ಉಜ್ಜಲಿಲ್ಲ. ಜಾಸ್ತಿ ಉಜ್ಜಿದ ಹಿತ್ತಾಳೆ ವಾಪಸ್ ಬರುವುದಿಲ್ಲವಲ್ಲ! ಅರದಿಂದ ನಾಲ್ಕು ಸಲ ಉಜ್ಜು, ಮತ್ತೆ ಮಸಿ, ಮೂರು ಗುಂಡು. ಹೀಗೇ ಎರಡು ದಿನ. ಈಗಲೂ ಒಂದು ಬೆರಳು ಕೆಳಗೇ ಬೀಳುತ್ತದೆ. ಇರಲಿ ಅಂತ ಅರ ಎತ್ತಿಟ್ಟಿದ್ದೇನೆ.