ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದ ಪಿಕಪ್: ಬಾಕಿ ಬಿದ್ದ ಕೆಲಸ ನಾನು ತೀರಿಸಿದ ಬಗೆ

ಗಂಗಾವತಿ ಕಡೆ ಬಾಡಿಗೆಗೆ ಓಡುವ ಪಿಕಪ್‌ಗಳಿಗೆ ಬಿಡುವೆಂಬುದೇ ಇಲ್ಲ. ಹೊಲದಿಂದ ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲಿಗೆ ನೆಲ್ಲು, ಮಿಲ್ಲಿನಿಂದ ಬಳ್ಳಾರಿ, ಹೊಸಪೇಟೆಗೆ ಅಕ್ಕಿ, ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ. ಸುಗ್ಗಿಯಲ್ಲಿ ಒಂದು ದಿನ ಗಾಡಿ ನಿಂತರೆ ಆ ಬಾಡಿಗೆ ಬೇರೆಯವರ ಪಾಲಾಗುತ್ತದೆ. ಹಾಗಾಗಿ ಸರ್ವಿಸ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯ ಕಥೆಯೂ ಅದೇ. ಮೀಟರಿನಲ್ಲಿ ಎರಡೂವರೆ ಲಕ್ಷ ದಾಟಿತ್ತು. ಎಂಜಿನ್ ಆಯಿಲ್ ಬಿಟ್ಟು ಬೇರೆ ಯಾವುದನ್ನು ಯಾವಾಗ ಬದಲಿಸಿದ್ದರು ಎನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಎಂಜಿನ್ ಬಿಚ್ಚಿಸ್ರಿ, ಹೊಗಿ ಕರ್ರಗ ಬರಾಕತ್ತೈತಿ." ನಾನು ಒಪ್ಪಲಿಲ್ಲ. ಕಪ್ಪು ಹೊಗೆ ಎಂದರೆ ಡೀಸೆಲ್ ಉರಿಯಲು ಸಾಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ ಉರಿದರೆ ಹೊಗೆ ನೀಲಿ ಬರಬೇಕು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯಬೇಕು. ಇಲ್ಲಿ ಎರಡೂ ಇರಲಿಲ್ಲ. ಬಾಕಿ ಕೆಲಸ ತೀರಿಸದೆ ಎಂಜಿನ್ ಸತ್ತಿದೆ ಎಂದು ತೀರ್ಮಾನಿಸುವುದು ತಪ್ಪು. ಮೊದಲು ಗಾಡಿ ನಿಲ್ಲಿಸುವ ಬ್ರೇಕ್, ಆಮೇಲೆ ಎಂಜಿನ್ ತಣ್ಣಗಿಡುವ ರೇಡಿಯೇಟರ್, ಅದರ ಹಿಂದೆ ಆಯಿಲ್‌ಗಳು, ಕೊನೆಗೆ ಹೊಗೆ: ಈ ಸಾಲಿನಲ್ಲೇ ಹೋದೆ.

ಬ್ರೇಕ್ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿದ್ದದ್ದು ಚಹಾದ ಡಿಕಾಕ್ಷನ್ ಹಾಗೆ ಕರ್ರಗಿತ್ತು. ಈ ದ್ರವ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಬರುತ್ತದೆ. ಸಂಡೂರಿನ ಗುಡ್ಡದಿಂದ ಲೋಡ್ ಹೊತ್ತು ಇಳಿಯುವಾಗ ಬ್ರೇಕ್ ಕಾದು ಪೆಡಲ್ ಮೆತ್ತಗಾಗುವುದು ಇದರಿಂದಲೇ. ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಸೋರಿ ಲೈನರ್ ಒದ್ದೆಯಾಗಿತ್ತು. ಒದ್ದೆಯಾದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಹಾಕುವವರಿದ್ದಾರೆ. ನಾನು ಎರಡೂ ಬದಿಯದು ಹೊಸದು ಹಾಕಿಸಿದೆ. ಒಂದೇ ಬದಿ ಬದಲಿಸಿದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಹೊಸ ಫ್ಲೂಯಿಡ್ ತುಂಬಿ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಪೆಡಲ್ ಮೇಲೆ ನಾನು, ಗಾಡಿ ಕೆಳಗೆ ಮೇಸ್ತ್ರಿ. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಎಡ ಹಿಂದಿನ ಗಾಲಿಯಿಂದ ಶುರು. "ಒತ್ರಿ… ಹಿಡೀರಿ…" ಎನ್ನುತ್ತಿದ್ದಂತೆ ನಿಪ್ಪಲ್ ಸಡಿಲಿಸುತ್ತಿದ್ದರು, ಕಾಲು ಕೆಳಗಿಳಿಯುತ್ತಿತ್ತು. ಅವರು ನಿಪ್ಪಲ್ ಬಿಗಿದು "ಬಿಡ್ರಿ" ಎನ್ನುವವರೆಗೆ ಕಾಲು ತೆಗೆಯಬಾರದು. ತೆಗೆದರೆ ಗಾಳಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ನಿಪ್ಪಲ್ಲಿಗೆ ಸಿಕ್ಕಿಸಿದ ಪೈಪಿನಲ್ಲಿ ಗುಳ್ಳೆ ಬರುವುದು ನಿಂತು, ಬಣ್ಣ ತಿಳಿಯಾಗುವವರೆಗೂ ಮಾಡಿದೆವು.

ಹೆಚ್ಚು ಸಮಯ ತಿಂದದ್ದು ರೇಡಿಯೇಟರ್. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಎಂಜಿನ್ ಕಾದಾಗ ದಾರಿಯಲ್ಲಿ ಸಿಕ್ಕ ಬೋರ್‌ವೆಲ್ ನೀರು ಹಾಕುವುದು ರೂಢಿ. ಆ ಗಡಸು ನೀರಿನ ಸುಣ್ಣ ಟ್ಯೂಬಿನ ಒಳಗೆ ಕೂರುತ್ತದೆ, ಕೂತಷ್ಟೂ ಎಂಜಿನ್ ಇನ್ನೂ ಕಾಯುತ್ತದೆ, ಮತ್ತೆ ಅದೇ ನೀರು. ಕ್ಯಾಪಿನ ರಬ್ಬರ್ ಸುತ್ತ ಬಿಳಿ ಪದರ ಕಟ್ಟಿ, ಕ್ಯಾಪ್ ಒತ್ತಡವನ್ನೇ ಹಿಡಿಯುತ್ತಿರಲಿಲ್ಲ. ಒಳಗೆ ಒತ್ತಡ ಉಳಿದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ. ಕ್ಯಾಪ್ ಸರಿಯಿದ್ದರೆ ಇನ್ನೂ 15 ಡಿಗ್ರಿಗಿಂತ ಹೆಚ್ಚು ತಡೆಯುತ್ತದೆ. ಎಲ್ಲಕ್ಕಿಂತ ಅಗ್ಗದ ಈ ಭಾಗವನ್ನು ಯಾರೂ ನೋಡುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ರೇಡಿಯೇಟರ್ ಕೆಳಗಿಳಿಸಿ, ನೀರು ದಿನಾ ಹರಿಯುವ ದಿಕ್ಕಿಗೆ ಉಲ್ಟಾ, ಕೆಳಗಿನ ಬಾಯಿಂದ ಪೈಪ್ ಹಿಡಿದೆವು. ಮೊದಲು ತುಕ್ಕಿನ ಕೆಂಪು ನೀರು, ಹಿಂದೆಯೇ ಸುಣ್ಣದ ಚಕ್ಕೆಗಳು ಬಂದವು. ಹೊರಗಿನ ಫಿನ್‌ಗಳಲ್ಲಿ ನೆಲ್ಲಿನ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ಎಂಜಿನ್ ಬದಿಯಿಂದ ಮುಂದಕ್ಕೆ ಮೆಲ್ಲಗೆ ಗಾಳಿ ಹೊಡೆದು ತೆಗೆಯಬೇಕು, ಜೋರು ಮಾಡಿದರೆ ಫಿನ್ ಮಡಚಿಕೊಳ್ಳುತ್ತವೆ.

ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಇರುವ ಜಾಗ ಬಿಚ್ಚಿದರೆ ಅದು ಖಾಲಿ. ಕಾಯುವ ಗಾಡಿಗೆ ವಾಲ್ವ್ ಕಿತ್ತು ಬಿಸಾಕುವುದು ನಮ್ಮಲ್ಲಿ ದೊಡ್ಡ ಉಪಾಯವೆಂದೇ ನಡೆದುಬಂದಿದೆ. ಆದರೆ ಹಲವು ಎಂಜಿನ್‌ಗಳಲ್ಲಿ ಈ ವಾಲ್ವ್ ತೆರೆದಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ತಿರುಗುತ್ತದೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಕುಡಿಯುವುದು ಬೇರೆ. ಹೊಸ ವಾಲ್ವನ್ನು ಕೂರಿಸುವ ಮೊದಲು ದಾರ ಕಟ್ಟಿ ಒಲೆ ಮೇಲಿನ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು, 80 ದಾಟಿದ ಮೇಲೆ ಬಾಯಿ ತೆರೆಯುವುದನ್ನು ನೋಡಿಕೊಂಡೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಈಗ ಅದೇ ಮಿಶ್ರಣದ ಕ್ಯಾನ್ ಸೀಟಿನ ಹಿಂದೆ ಇರುತ್ತದೆ.

ಆಯಿಲ್ ವಿಷಯದಲ್ಲಿ ಗೇರ್‌ಬಾಕ್ಸ್ ಮತ್ತು ಹೌಸಿಂಗ್ (ಹಿಂದಿನ ಆಕ್ಸಲ್‌ನ ಗೇರ್‌ಗಳಿರುವ ಗೂಡು) ಮರೆತುಹೋಗುವ ಜಾಗಗಳು. ಆಯಿಲ್ ಇಳಿಸುವ ಬೋಲ್ಟ್ ಮುಟ್ಟುವ ಮೊದಲು ಮೇಲಿನ ತುಂಬಿಸುವ ಬೋಲ್ಟ್ ಬಿಚ್ಚುತ್ತದೆಯೇ ನೋಡಬೇಕು. ಅದು ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಇಳಿದ ಗಾಡಿಯನ್ನು ಟೋ ಮಾಡಬೇಕಾಗುತ್ತದೆ. ಹೌಸಿಂಗ್ ಆಯಿಲ್ ಬೆಳ್ಳಗೆ ನೊರೆ ಕಟ್ಟಿತ್ತು, ಅಂದರೆ ನೀರು ಹೊಕ್ಕಿದೆ. ಒಳಗಿನ ಗಾಳಿ ಆಡಲು ಇರುವ ಮೇಲಿನ ಬ್ರೀದರ್‌ನ ತೂತು ಕೆಸರಿನಿಂದ ಮುಚ್ಚಿತ್ತು. ಓಡಿ ಬಿಸಿಯಾದ ಹೌಸಿಂಗ್ ಕಾಲುವೆ ಪಕ್ಕದ ನೀರಿಗಿಳಿದು ತಣ್ಣಗಾದಾಗ ಸೀಲಿನ ಸಂದಿಯಿಂದ ನೀರೆಳೆದುಕೊಂಡಿದೆ. ಬ್ರೀದರ್ ಬಿಡಿಸಿ, ಸೀಲ್ ಬದಲಿಸಿ ಹೊಸ ಆಯಿಲ್ ಹಾಕಿದೆವು. ಎಂಜಿನ್ನಿಗೆ ಒಳಗೆ ತೊಳೆಯುವ ಫ್ಲಶ್ ಹಾಕಲಿಲ್ಲ, ಗಟ್ಟಿ ಮಡ್ಡಿ ಒಮ್ಮೆಲೇ ಕಿತ್ತು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬಂದರೆ ಕಷ್ಟ. ಬದಲಿಗೆ 15ಡಬ್ಲ್ಯೂ40 ದರ್ಜೆಯ ಎಂಜಿನ್ ಆಯಿಲ್ ಹಾಕಿ, 1,500 ಕಿಲೋಮೀಟರಿಗೇ ಫಿಲ್ಟರ್ ಸಮೇತ ಮತ್ತೊಮ್ಮೆ ಬದಲಿಸಿದೆ.

ಲೋಡ್ ಹೊರುವ ಪಾಟಾದ (ಲೀಫ್ ಸ್ಪ್ರಿಂಗ್) ಯು-ಬೋಲ್ಟ್ ಬಿಗಿದು, ಗೇರ್‌ಬಾಕ್ಸಿನಿಂದ ಹಿಂದಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಹಳೆ ಗ್ರೀಸ್ ಹೊರಬರುವವರೆಗೆ ಗನ್ ಹೊಡೆಸಿದೆ. ನಮ್ಮಲ್ಲಿ ನೆಲ್ಲಿನ ಚೀಲ 75 ಕೆ.ಜಿ. ಲೆಕ್ಕ, 20 ಚೀಲವೆಂದರೆ ಒಂದೂವರೆ ಟನ್. ಆರ್‌ಸಿಯಲ್ಲಿರುವ ತೂಕ ನೋಡಿ ಚೀಲ ಎಣಿಸುತ್ತೇನೆ, ಮಿಲ್ಲಿನವರು ಮುಖ ಸಿಂಡರಿಸಿದರೂ ಸರಿ.

ಹೊಗೆಗೆ ಬಂದಾಗ ಏರ್ ಫಿಲ್ಟರ್ ಧೂಳಿನಿಂದ ಗಟ್ಟಿಯಾಗಿತ್ತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಕ್ಲಿಪ್ಪಿನ ಕೆಳಗೆ ಸೀಳಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಎರಡೂ ಹೊಸದಾದವು, ಡೀಸೆಲ್ ಫಿಲ್ಟರೂ ಬದಲಾಯಿತು. ಕಪ್ಪು ಹೊಗೆ ನಿಂತಿತು, ಲೋಡಿನಲ್ಲಿ ಮೂರನೇ ಗೇರ್ ಹಾಕುತ್ತಿದ್ದ ಏರುದಾರಿಯಲ್ಲಿ ಈಗ ನಾಲ್ಕನೇ ಗೇರ್ ಎಳೆಯುತ್ತದೆ. ಎಂಜಿನ್ ಬಿಚ್ಚಲಿಲ್ಲ.

8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಆದರೆ ಎಫ್‌ಸಿ ಆಯಿತೆಂದು ಹೌಸಿಂಗ್ ಆಯಿಲ್ ಸರಿಯಿದೆ ಎಂದುಕೊಳ್ಳಬೇಡಿ, ಅಲ್ಲಿ ಅದನ್ನು ಬಿಚ್ಚಿ ನೋಡುವುದಿಲ್ಲ. ನನ್ನ ಪಟ್ಟಿಯಲ್ಲಿ ಇನ್ನು ಉಳಿದಿರುವುದು ಕ್ಲಚ್. ಸದ್ಯ ಹಿಡಿಯುತ್ತಿದೆ. ಅದನ್ನು ಮಾಡಿಸುವಾಗ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತೇನೆ, ಯಾಕೆಂದರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಸಲ ಬೀಳುತ್ತದೆ.